ಹಗೇವು, ಬರಗಾಲ ಮತ್ತು ಕೊಬ್ಬಿನ ಮಾತು

ಹರಪನಹಳ್ಳಿ, ಕೂಡ್ಲಿಗಿ, ಕೊಟ್ಟೂರು, ಹಡಗಲಿ ಸೀಮೆಯ ಹಿರಿಯರಿಗೆ ಹಗೇವು ಎಂದರೆ ಏನೆಂದು ವಿವರಿಸಬೇಕಾಗಿಲ್ಲ. ಇಂದಿನ ಮಕ್ಕಳಿಗೆ ಮಾತ್ರ ಹೇಳಬೇಕು. ಜೋಳವನ್ನು ವರ್ಷಗಟ್ಟಲೆ ಕಾಪಿಡಲು ನೆಲದೊಳಗೆ ತೋಡಿದ ಕಣಜವೇ ಹಗೇವು. ಬಾಯಿ ಕಿರಿದು, ಒಡಲು ವಿಶಾಲ. ಒಳಗೋಡೆಗೆ ಹುಲ್ಲು ಹೊದಿಸಿ, ಕಾಳು ತುಂಬಿ, ಬಾಯಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ಮುಂದಿನ ವರ್ಷ ಮಳೆ ಕೈಕೊಟ್ಟರೂ ಮನೆಯವರಿಗೆ ಧೈರ್ಯವಿರುತ್ತಿತ್ತು. ಬಾಯಿ ತೆರೆದ ಕೂಡಲೇ ಒಳಗೆ ಇಳಿಯುವಂತಿರಲಿಲ್ಲ. ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕಿತ್ತು. ಅವಸರಪಟ್ಟು ಇಳಿದು ಉಸಿರುಗಟ್ಟಿ ಸತ್ತವರೂ ಉಂಟು.

ನಮ್ಮ ದೇಹದಲ್ಲಿಯೂ ಇಂಥದೊಂದು ಹಗೇವು ಇದೆ. ಅದೇ ಕೊಬ್ಬಿನ ಅಂಗಾಂಶ. ಶತಮಾನಗಳ ಕಾಲ ವೈದ್ಯಲೋಕ ಅದನ್ನು ಕೇವಲ ಉಗ್ರಾಣವೆಂದೇ ತಿಳಿದಿತ್ತು. ಆ ಉಗ್ರಾಣವು ತನ್ನ ದಾಸ್ತಾನಿನ ಲೆಕ್ಕವನ್ನು ಮಿದುಳಿಗೆ ಬರೆದು ಕಳಿಸುತ್ತದೆ, ಯಕೃತ್ತಿಗೆ ಸೂಚನೆ ಕೊಡುತ್ತದೆ, ಕೆಟ್ಟರೆ ವಿಷಗಾಳಿಯನ್ನೂ ಹೊರಸೂಸುತ್ತದೆ ಎಂಬುದು ತಿಳಿದುಬಂದದ್ದು ತೀರ ಈಚೆಗೆ. ಆ ತಿಳಿವಳಿಕೆಯ ಚರಿತ್ರೆಯನ್ನು ನಮ್ಮ ಬರದ ಸೀಮೆಯ ಚರಿತ್ರೆಯೊಂದಿಗೆ ಇಟ್ಟು ನೋಡುವುದೇ ಈ ಬರಹದ ಉದ್ದೇಶ. ಇಂದು ನಮ್ಮ ಹಳ್ಳಿಗಳಲ್ಲಿಯೂ ಹೊಟ್ಟೆಯ ಸ್ಕ್ಯಾನಿಂಗ್ ವರದಿಗಳಲ್ಲಿ ‘ಫ್ಯಾಟಿ ಲಿವರ್’ ಎಂಬ ಎರಡು ಪದಗಳು ಕಾಣಿಸಿಕೊಳ್ಳುತ್ತಿರುವಾಗ, ಅವುಗಳ ಹಿಂದಿನ ಕಥೆಯನ್ನು ತಿಳಿಯುವುದು ಅನಗತ್ಯವೇನಲ್ಲ.

ಅರಸೀಕೆರೆ ಎಂದೊಡನೆ ಹೊರಗಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ಇದು ಅದಲ್ಲ, ಉಚ್ಚಂಗಿದುರ್ಗವನ್ನು ಮಡಿಲಲ್ಲಿಟ್ಟುಕೊಂಡಿರುವ ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ಈ ತಾಲ್ಲೂಕು ಮದ್ರಾಸ್ ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದು, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಜಿಲ್ಲೆಗಳು ಬದಲಾದರೂ ಬದಲಾಗದೆ ಉಳಿದದ್ದು ಒಂದು: ಮಳೆಯನ್ನೇ ನೆಚ್ಚಿದ ಬೇಸಾಯ, ಮತ್ತು ಅದರ ಬೆನ್ನಿಗಂಟಿದ ಬರ.

1876ರಿಂದ 1878ರವರೆಗಿನ ಮಹಾಕ್ಷಾಮದಲ್ಲಿ ಮದ್ರಾಸ್ ಪ್ರಾಂತದಲ್ಲಿ ಅತ್ಯಂತ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದ ಆ ಬರದಲ್ಲಿ ಹಗೇವುಗಳು ಬರಿದಾದವು, ಕೆರೆಗಳು ಒಣಗಿದವು, ಜನ ಗುಳೆ ಹೊರಟರು. ಕಾಮಗಾರಿ ಶಿಬಿರಗಳಲ್ಲಿ ಕಲ್ಲು ಒಡೆದು ಮಣ್ಣು ಹೊತ್ತವನಿಗೆ ದಿನಕ್ಕೆ ಒಂದು ಪೌಂಡು, ಅಂದರೆ ಸುಮಾರು 450 ಗ್ರಾಂ ಧಾನ್ಯಕ್ಕೆ ಸಮನಾದ ಕೂಲಿ ಸಾಕೆಂದು ಸರ್ ರಿಚರ್ಡ್ ಟೆಂಪಲ್ 1877ರಲ್ಲಿ ಗೊತ್ತುಮಾಡಿದನು. ದುಡಿಯುವ ಮನುಷ್ಯ ಇಷ್ಟರಲ್ಲಿ ಬದುಕಲಾರನೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಡಾ. ವಿಲಿಯಂ ಕಾರ್ನಿಶ್ ಬಲವಾಗಿ ಪ್ರತಿಭಟಿಸಿದನು. ಒಂದು ಪೌಂಡಿನ ಬಗೆಗಿನ ಆ ವಾಗ್ವಾದವು ನಮ್ಮ ನೆಲದಲ್ಲಿ ಹಸಿವನ್ನು ಅಳೆಯಲು ನಡೆದ ಮೊದಲ ದೊಡ್ಡ ಸರ್ಕಾರಿ ಚರ್ಚೆಗಳಲ್ಲೊಂದು. ಆ ವರ್ಷಗಳಲ್ಲಿ ಸಾವುಗಳು ಏರಿದಂತೆಯೇ ಜನನಗಳ ಸಂಖ್ಯೆಯೂ ತೀವ್ರವಾಗಿ ಕುಸಿಯಿತು. ಬರದಲ್ಲಿ ತೊಟ್ಟಿಲು ತೂಗುವುದು ಏಕೆ ನಿಲ್ಲುತ್ತದೆ? ಅದಕ್ಕೆ ದೇಹದೊಳಗಿನ ಉತ್ತರ ದೊರೆಯಲು ಇನ್ನೂ ನೂರಕ್ಕೂ ಹೆಚ್ಚು ವರ್ಷ ಕಾಯಬೇಕಾಗಿತ್ತು.

ಸ್ಥೂಲಕಾಯವನ್ನು ನಮ್ಮ ಪ್ರಾಚೀನರು ಅರಿಯದವರಲ್ಲ. ಚರಕಸಂಹಿತೆಯ ಸೂತ್ರಸ್ಥಾನವು ನಿಂದಿತವಾದ ಎಂಟು ಬಗೆಯ ಶರೀರಗಳನ್ನು ಹೇಳುವಾಗ ಅತಿ ಸ್ಥೂಲ ಮತ್ತು ಅತಿ ಕೃಶರನ್ನು ವಿಶೇಷವಾಗಿ ಚರ್ಚಿಸಿ, ಇವೆರಡರಲ್ಲಿ ಕೃಶತೆಯೇ ಮೇಲೆಂದು ತೀರ್ಮಾನಿಸುತ್ತದೆ. ಆದರೆ ಕೊಬ್ಬು ತಾನೇ ಒಂದು ಗ್ರಂಥಿಯಂತೆ ವರ್ತಿಸೀತೆಂಬ ಊಹೆ ಪೂರ್ವದಲ್ಲಾಗಲಿ ಪಶ್ಚಿಮದಲ್ಲಾಗಲಿ ಬಹುಕಾಲ ಇರಲಿಲ್ಲ. 1953ರಲ್ಲಿ, ಅಂದರೆ ನಮ್ಮ ತಾಲ್ಲೂಕು ಮೈಸೂರಿಗೆ ಸೇರಿದ ವರ್ಷದಲ್ಲಿಯೇ, ಗಾರ್ಡನ್ ಕೆನಡಿ ಎಂಬ ಬ್ರಿಟಿಷ್ ವಿಜ್ಞಾನಿ ಒಂದು ಊಹೆಯನ್ನು ಮುಂದಿಟ್ಟನು: ದೇಹದ ಕೊಬ್ಬಿನ ಪ್ರಮಾಣವನ್ನು ತಿಳಿಸುವ ಯಾವುದೋ ಸಂಕೇತ ರಕ್ತದ ಮೂಲಕ ಮಿದುಳಿಗೆ ತಲಪುತ್ತಿರಬೇಕು, ಮಿದುಳು ಅದನ್ನು ನೋಡಿ ಹಸಿವನ್ನು ಹೆಚ್ಚುಕಡಿಮೆ ಮಾಡುತ್ತಿರಬೇಕು.

ಆ ಸಂಕೇತದ ಸುಳಿವು ಸಿಕ್ಕಿದ್ದು ಇಲಿಗಳಲ್ಲಿ. ಅಮೆರಿಕದ ಬಾರ್ ಹಾರ್ಬರಿನ ಜಾಕ್ಸನ್ ಪ್ರಯೋಗಾಲಯದಲ್ಲಿ 1949ರಲ್ಲಿ ವಿಪರೀತ ತಿಂದು ಚೆಂಡಿನಂತೆ ಊದಿಕೊಳ್ಳುವ ಇಲಿಯ ತಳಿಯೊಂದು ತಾನಾಗಿಯೇ ಕಾಣಿಸಿಕೊಂಡಿತು. ಮುಂದೆ 1966ರಲ್ಲಿ, ದಪ್ಪವಾಗುವುದರ ಜೊತೆಗೆ ಮಧುಮೇಹಕ್ಕೂ ತುತ್ತಾಗುವ ಇನ್ನೊಂದು ತಳಿಯನ್ನು ಅಲ್ಲಿಯವರೇ ವಿವರಿಸಿದರು. ಡಗ್ಲಸ್ ಕೋಲ್ಮನ್ ಎಂಬ ವಿಜ್ಞಾನಿ ಎರಡೆರಡು ಇಲಿಗಳ ರಕ್ತ ಬೆರೆಯುವಂತೆ ಅವುಗಳ ಮೈಗಳನ್ನು ಜೋಡಿಸಿ ಹೊಲಿದು ಪರೀಕ್ಷಿಸಿದನು. ಮಧುಮೇಹದ ತಳಿಯೊಂದಿಗೆ ಜೋಡಿಸಿದ ಆರೋಗ್ಯವಂತ ಇಲಿ ಊಟ ಬಿಟ್ಟು ಸತ್ತಿತು. ಮೊದಲ ತಳಿಯ ದಪ್ಪ ಇಲಿಯನ್ನು ಆರೋಗ್ಯವಂತ ಇಲಿಯೊಂದಿಗೆ ಜೋಡಿಸಿದಾಗ ಅದು ಕಡಿಮೆ ತಿನ್ನತೊಡಗಿತು. ಇದರ ಅರ್ಥ ಸ್ಪಷ್ಟವಾಗಿತ್ತು: ಮೊದಲ ತಳಿಗೆ ‘ಸಾಕು’ ಎಂದು ಹೇಳುವ ವಸ್ತುವೇ ಇಲ್ಲ, ಎರಡನೆಯದಕ್ಕೆ ಆ ವಸ್ತು ಧಾರಾಳವಾಗಿದೆ, ಆದರೆ ಅದನ್ನು ಕೇಳಿಸಿಕೊಳ್ಳುವ ಕಿವಿಯಿಲ್ಲ. 1994ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಮತ್ತು ಸಂಗಡಿಗರು ಆ ವಸ್ತುವಿನ ಜೀನನ್ನು ಪತ್ತೆಹಚ್ಚಿ ಪ್ರಕಟಿಸಿದರು. ಅದು ತಯಾರಾಗುತ್ತಿದ್ದ ಸ್ಥಳ ಕೊಬ್ಬಿನ ಕೋಶ! ಮರುವರ್ಷ ಅದಕ್ಕೆ ‘ಲೆಪ್ಟಿನ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ‘ಲೆಪ್ಟೋಸ್’ ಎಂದರೆ ತೆಳ್ಳನೆಯದು.

ಸ್ಥೂಲಕಾಯಕ್ಕೆ ಮದ್ದು ದೊರೆಯಿತೆಂದು ಜಗತ್ತು ಸಂಭ್ರಮಿಸಿತು. ಹುಟ್ಟಿನಿಂದಲೇ ಲೆಪ್ಟಿನ್ ಇಲ್ಲದ ಕೆಲವೇ ಮಕ್ಕಳಿಗೆ ಅದು ನಿಜಕ್ಕೂ ಸಂಜೀವಿನಿಯಾಯಿತು. ಆದರೆ ಸಾಮಾನ್ಯ ಸ್ಥೂಲಕಾಯರ ರಕ್ತದಲ್ಲಿ ಲೆಪ್ಟಿನ್ ಕಡಿಮೆಯಿರಲಿಲ್ಲ, ಹೆಚ್ಚಾಗಿಯೇ ಇತ್ತು. ಅವರ ಮಿದುಳು ಅದರ ಮಾತಿಗೆ ಕಿವುಡಾಗಿತ್ತು. ಹೀಗೇಕೆ ಎಂಬ ಪ್ರಶ್ನೆಗೆ ದಾರಿ ತೋರಿದ್ದು 1996ರಲ್ಲಿ ಬಾಸ್ಟನ್ನಿನಲ್ಲಿ ನಡೆದ ಸಂಶೋಧನೆ. ಇಲಿಗಳನ್ನು ಉಪವಾಸ ಕೆಡವಿದಾಗ ಲೆಪ್ಟಿನ್ ಥಟ್ಟನೆ ಇಳಿಯುತ್ತಿತ್ತು. ಅದರೊಂದಿಗೆ ಥೈರಾಯ್ಡ್ ಮತ್ತು ಸಂತಾನಶಕ್ತಿಯ ಹಾರ್ಮೋನುಗಳೂ ಕುಗ್ಗುತ್ತಿದ್ದವು. ಹೊರಗಿನಿಂದ ಲೆಪ್ಟಿನ್ ಕೊಟ್ಟರೆ ಆ ಕುಗ್ಗುವಿಕೆ ಬಹಳಮಟ್ಟಿಗೆ ತಪ್ಪುತ್ತಿತ್ತು. ಲೆಪ್ಟಿನ್ನಿನ ಮುಖ್ಯ ಕೆಲಸ ‘ಹೆಚ್ಚಾಯಿತು’ ಎಂದು ಎಚ್ಚರಿಸುವುದಕ್ಕಿಂತ ‘ಹಗೇವು ಬರಿದಾಗುತ್ತಿದೆ, ಖರ್ಚು ನಿಲ್ಲಿಸು’ ಎಂದು ಕೂಗುವುದು ಎಂಬ ವಿಚಾರ ಇಲ್ಲಿಂದ ಬೇರೂರಿತು. ಧಾತು-ಈಶ್ವರ ಬರದಲ್ಲಿ ತೊಟ್ಟಿಲುಗಳು ಬರಿದಾದುದಕ್ಕೆ ಅಗಲಿಕೆ, ರೋಗ, ಗುಳೆಗಳೂ ಕಾರಣಗಳೇ. ಅವುಗಳ ಜೊತೆಗೆ, ಒಡಲಿನ ಶಾನುಭೋಗನು ಬರೆದು ಕಳಿಸಿದ ಈ ಲೆಕ್ಕವನ್ನೂ ಈಗ ಸೇರಿಸಿಕೊಳ್ಳಬಹುದು. ಹಸಿವಿನ ಕಾಲಕ್ಕೆಂದು ರೂಪುಗೊಂಡ ವ್ಯವಸ್ಥೆ ಸಮೃದ್ಧಿಯ ಕಾಲದಲ್ಲಿ ದನಿಯಡಗಿ ಕೂರುವುದರಲ್ಲಿ ಆಶ್ಚರ್ಯವಿಲ್ಲ.

ಲೆಪ್ಟಿನ್ ಒಂಟಿಯಾಗಿರಲಿಲ್ಲ. 1995ರಲ್ಲಿ ಅಮೆರಿಕದ ಫಿಲಿಪ್ ಶೆರರ್ ಮತ್ತು ಸಂಗಡಿಗರು, ಮರುವರ್ಷ ಜಪಾನಿನ ಒಸಾಕಾದ ಸಂಶೋಧಕರು ಬೇರೆಬೇರೆಯಾಗಿ ಕಂಡುಕೊಂಡ ಮತ್ತೊಂದು ಹಾರ್ಮೋನು ಇಂದು ‘ಅಡಿಪೊನೆಕ್ಟಿನ್’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ. ಇದರ ನಡತೆ ವಿಚಿತ್ರ. ಕೊಬ್ಬಿನಿಂದಲೇ ಹುಟ್ಟಿದರೂ ಕೊಬ್ಬು ಮಿತಿಮೀರಿದಾಗ, ಅದರಲ್ಲಿಯೂ ಹೊಟ್ಟೆಯೊಳಗೆ ಸೇರಿಕೊಂಡಾಗ, ಇದು ರಕ್ತದಲ್ಲಿ ಕಡಿಮೆಯಾಗುತ್ತದೆ. ಇದು ಯಕೃತ್ತಿಗೆ ಕೊಬ್ಬನ್ನು ಉರಿಸಲು ಹೇಳುತ್ತದೆ, ಇನ್ಸುಲಿನ್ನಿನ ಆಜ್ಞೆಯನ್ನು ಪಾಲಿಸುವಂತೆ ಮಾಡುತ್ತದೆ, ಉರಿಯೂತವನ್ನು ತಣಿಸುತ್ತದೆ. ಫ್ಯಾಟಿ ಲಿವರ್ ಇರುವವರಲ್ಲಿ ಅಡಿಪೊನೆಕ್ಟಿನ್ ಕಡಿಮೆಯಿರುವುದನ್ನು ಅನೇಕ ಅಧ್ಯಯನಗಳು ಗುರುತಿಸಿವೆ. 2003ರಲ್ಲಿ ಇಲಿಗಳಿಗೆ ಇದನ್ನು ಕೊಟ್ಟು ನೋಡಿದಾಗ ಮದ್ಯದಿಂದ ಬಂದ ಕೊಬ್ಬೂ, ಮದ್ಯವಿಲ್ಲದೆ ಬಂದ ಕೊಬ್ಬೂ ಯಕೃತ್ತಿನಲ್ಲಿ ಇಳಿದವು. ಇದಕ್ಕೂ ಮೊದಲು, 1993ರಲ್ಲಿಯೇ, ಸ್ಥೂಲ ಇಲಿಗಳ ಕೊಬ್ಬು ಟಿ.ಎನ್.ಎಫ್. ಆಲ್ಫಾ ಎಂಬ ಉರಿಯೂತದ ವಸ್ತುವನ್ನು ಸೂಸಿ ಇನ್ಸುಲಿನ್ನಿಗೆ ಅಡ್ಡಗಾಲು ಹಾಕುವುದನ್ನು ಹೋತಮಿಸ್ಲಿಗಿಲ್ ಮತ್ತು ಸ್ಪೀಗಲ್‌ಮನ್ ತೋರಿಸಿದ್ದರು. ಇದೇ ನಮ್ಮ ಹಗೇವಿನ ಕೆಟ್ಟ ಗಾಳಿ.

ಇನ್ನು ಯಕೃತ್ತಿಗೆ ಕೊಬ್ಬು ಬರುವ ಬಗೆ. ಯಕೃತ್ತಿನ ಕೋಶಗಳಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚಿನವುಗಳಲ್ಲಿ ಕೊಬ್ಬು ತುಂಬಿದ್ದರೆ ಅದನ್ನು ಫ್ಯಾಟಿ ಲಿವರ್ ಎನ್ನುತ್ತಾರೆ. ಈ ಕೊಬ್ಬು ಎಲ್ಲಿಂದ ಬಂತು? ರೋಗಿಗಳಲ್ಲಿ ಇದನ್ನು ಅಳೆದ ಅಮೆರಿಕದ ಸಂಶೋಧಕರು 2005ರಲ್ಲಿ ಕೊಟ್ಟ ಲೆಕ್ಕ ಹೀಗಿದೆ: ಶೇಕಡಾ 59ರಷ್ಟು ಕೊಬ್ಬಿನ ಅಂಗಾಂಶದಿಂದ ಸೋರಿ ರಕ್ತದ ಮೂಲಕ ಬಂದದ್ದು, ಶೇಕಡಾ 26ರಷ್ಟು ಪಿಷ್ಟ ಸಕ್ಕರೆಗಳಿಂದ ಯಕೃತ್ತೇ ತಯಾರಿಸಿಕೊಂಡದ್ದು, ಶೇಕಡಾ 15ರಷ್ಟು ಮಾತ್ರ ಊಟದ ಎಣ್ಣೆ-ತುಪ್ಪಗಳಿಂದ ನೇರವಾಗಿ ಬಂದದ್ದು. ‘ಎಣ್ಣೆ ಬಿಟ್ಟಿದ್ದೇನೆ, ಆದರೂ ಹೀಗೇಕೆ?’ ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು. ಇನ್ಸುಲಿನ್ನಿನ ಮಾತು ನಡೆಯದ ದೇಹದಲ್ಲಿ ಹಗೇವಿನ ಬಾಯಿಗೆ ಮುಚ್ಚಳ ನಿಲ್ಲುವುದಿಲ್ಲ. ಕಾಳು ಹೊರಚೆಲ್ಲಿ ಅಡುಗೆಮನೆಯಲ್ಲಿ ರಾಶಿಬೀಳುತ್ತದೆ. ಆ ಅಡುಗೆಮನೆಯೇ ಯಕೃತ್ತು. ಮೊದಮೊದಲು ನೋವಿಲ್ಲ, ಲಕ್ಷಣವಿಲ್ಲ. ಕೆಲವರಲ್ಲಿ ಮಾತ್ರ ಉರಿಯೂತ ಹತ್ತಿ, ನಾರುಗಟ್ಟಿ, ವರ್ಷಗಳ ಮೇಲೆ ಸಿರೋಸಿಸ್ ಆಗುತ್ತದೆ.

ಇಲ್ಲೊಂದು ಸೋಜಿಗ. ಮೈಯಲ್ಲಿ ಕೊಬ್ಬಿನ ಅಂಗಾಂಶವೇ ಬೆಳೆಯದ, ಲಿಪೊಡಿಸ್ಟ್ರೊಫಿ ಎಂಬ ಅಪರೂಪದ ಕಾಯಿಲೆಯವರು ಎಲುಬು ನರ ಕಾಣುವಷ್ಟು ತೆಳ್ಳಗಿರುತ್ತಾರೆ. ಆದರೆ ಅವರ ಯಕೃತ್ತು ಕೊಬ್ಬಿನಿಂದ ಊದಿರುತ್ತದೆ. ಹಗೇವೇ ಇಲ್ಲದ ಮನೆಯಲ್ಲಿ ಕಾಳನ್ನು ಎಲ್ಲಿಡಬೇಕು? 2002ರಲ್ಲಿ ಇಂಥ 9 ಮಂದಿ ಮಹಿಳೆಯರಿಗೆ ಅಮೆರಿಕದಲ್ಲಿ ನಾಲ್ಕು ತಿಂಗಳು ಲೆಪ್ಟಿನ್ ಕೊಟ್ಟಾಗ ಸಕ್ಕರೆ ಹತೋಟಿಗೆ ಬಂದು ಯಕೃತ್ತಿನ ಗಾತ್ರ ಕುಗ್ಗಿತು. ಕೊಬ್ಬು ಶತ್ರುವೇನಲ್ಲ, ತಕ್ಕ ಜಾಗದಲ್ಲಿ ಇದ್ದು ತಕ್ಕ ಮಾತು ಆಡುತ್ತಿರುವವರೆಗೆ ಅದು ನಮ್ಮ ರಕ್ಷಕ ಎಂಬ ಸತ್ಯವನ್ನು ಈ ಕೃಶಾಂಗಿಯರು ಕಲಿಸಿದರು.

ಈ ಪಾಠ ನಮಗೇಕೆ ಮುಖ್ಯವೆಂದರೆ, ನಮ್ಮ ದೇಶದ ಬಹಳ ಮಂದಿಯ ಸ್ಥಿತಿ ಇದರ ಸಣ್ಣ ಪ್ರತಿರೂಪದಂತಿದೆ. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ ತಮ್ಮಿಬ್ಬರನ್ನೇ ಉದಾಹರಣೆಯಾಗಿಟ್ಟು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪುಟ್ಟ ಲೇಖನವೊಂದನ್ನು ಪ್ರಕಟಿಸಿದರು. ಎತ್ತರಕ್ಕೆ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದ ಕೊಬ್ಬು ಯುಡ್ಕಿನ್ನರದು ಶೇಕಡಾ 9.1, ಯಾಜ್ಞಿಕರದು ಶೇಕಡಾ 21.2! ನೋಟಕ್ಕೆ ತೆಳ್ಳಗೆ, ಒಳಗೆ ಕೊಬ್ಬು. ಪುಣೆ ಸೀಮೆಯ ಹಳ್ಳಿಗಳ ಶಿಶುಗಳು ಹುಟ್ಟುವಾಗ ಸರಾಸರಿ 2.7 ಕಿಲೋ ತೂಗಿದರೆ ಇಂಗ್ಲೆಂಡಿನ ಸೌತಾಂಪ್ಟನ್ನಿನ ಶಿಶುಗಳು 3.5 ಕಿಲೋ ತೂಗುತ್ತಿದ್ದವು. ನಮ್ಮ ಶಿಶುಗಳಲ್ಲಿ ಕೊರತೆ ಬಿದ್ದದ್ದು ಹೆಚ್ಚಾಗಿ ಮಾಂಸಖಂಡಕ್ಕೆ, ಬೆನ್ನಿನ ಕೊಬ್ಬಿಗಲ್ಲ.

ಇದಕ್ಕೆ ಕನ್ನಡ ನಾಡಿನ ಸಾಕ್ಷ್ಯವೂ ಇದೆ, ಅದು ಹೆಮ್ಮೆಪಡತಕ್ಕದ್ದು. ಮೈಸೂರಿನ ಜನ ‘ಮಿಷನ್ ಆಸ್ಪತ್ರೆ’ ಎಂದು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾದಿಯರು ತಪ್ಪದೆ ಬರೆದಿಡುತ್ತಿದ್ದರು. ದಶಕಗಳು ಕಳೆದ ಮೇಲೆ ಡಾ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಾಖಲೆಗಳ ಆಧಾರದಿಂದ 1934ರಿಂದ 1954ರವರೆಗೆ ಅಲ್ಲಿ ಹುಟ್ಟಿ ಮೈಸೂರಿನ ಆಸುಪಾಸಿನಲ್ಲಿಯೇ ನೆಲೆಸಿದ್ದ 517 ಸ್ತ್ರೀಪುರುಷರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಐದೂವರೆ ಪೌಂಡು ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇಕಡಾ 11 ಮಂದಿಗೆ ಹೃದಯದ ಕಾಯಿಲೆ; ಏಳು ಪೌಂಡು ಮತ್ತು ಮೇಲ್ಪಟ್ಟವರಲ್ಲಿ ಶೇಕಡಾ 3. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ 800ಕ್ಕೂ ಹೆಚ್ಚು ಗರ್ಭಿಣಿಯರೊಂದಿಗೆ ‘ಪಾರ್ಥೆನಾನ್’ ಎಂಬ ಅಧ್ಯಯನ ಆರಂಭವಾಯಿತು. ಡಾ. ಕೃಷ್ಣವೇಣಿ ಮತ್ತು ಸಂಗಡಿಗರು ಆ ಮಕ್ಕಳನ್ನು ಬೆಳೆಯುತ್ತಾ ಬಂದಂತೆ ಅಳೆದು, ಬೆನ್ನು-ಮುಂಡದಲ್ಲಿ ಕೊಬ್ಬು ಸೇರುವ ಗುಣ ಹುಟ್ಟಿನಿಂದಲೇ ಇದ್ದು ಬಾಲ್ಯದಲ್ಲಿ ಮುಂದುವರಿಯುವುದನ್ನು 2005ರಲ್ಲಿ ವರದಿ ಮಾಡಿದರು. ಹೆಸರೂ ಉಳಿಯದ ದಾದಿಯರು ತಕ್ಕಡಿಯಲ್ಲಿ ತೂಗಿ ಬರೆದ ಅಂಕಿಗಳು ಅರ್ಧ ಶತಮಾನದ ಬಳಿಕ ಜಗತ್ತಿಗೆ ಪಾಠವಾದವು. ಹಾಜರಿ ಪುಸ್ತಕವನ್ನು ಶ್ರದ್ಧೆಯಿಂದ ಬರೆಯುವವರಿಗೆ ಇದಕ್ಕಿಂತ ದೊಡ್ಡ ಸಮಾಧಾನ ಬೇಕೆ?

ಹಾಗಾದರೆ ನಮ್ಮ ಅಜ್ಜ-ಮುತ್ತಜ್ಜರ ಬರವೇ ನಮ್ಮ ಯಕೃತ್ತಿನ ಕೊಬ್ಬಿಗೆ ಕಾರಣವೆನ್ನಬಹುದೆ? ಅಷ್ಟು ಸುಲಭವಾಗಿ ಹೇಳಲಾಗದು. ಬರಗಾಲಗಳು ಮಿತವ್ಯಯದ ಜೀನುಗಳನ್ನು ಉಳಿಸಿದವೆಂದು 1962ರಲ್ಲಿ ಜೇಮ್ಸ್ ನೀಲ್ ಊಹಿಸಿದನು. ಜೀನಿಗಿಂತ ತಾಯಿಯ ಗರ್ಭದಲ್ಲಿನ ಕೊರತೆಯೇ ಮುಖ್ಯವೆಂದು 1992ರಲ್ಲಿ ಹೇಲ್ಸ್ ಮತ್ತು ಬಾರ್ಕರ್ ವಾದಿಸಿದರು. ಈ ವಾದ ಮುಗಿದಿಲ್ಲ. ಆದರೆ ಸಣ್ಣ ಹಗೇವಿನೊಂದಿಗೆ ಹುಟ್ಟಿದ ದೇಹಕ್ಕೆ ದೊಡ್ಡ ಸುಗ್ಗಿ ಒಮ್ಮೆಲೇ ಬಂದರೆ ಕಾಳು ಚೆಲ್ಲುವುದಂತೂ ಸಹಜ. ನಮ್ಮ ಸೀಮೆಯ ಹೊಲಗಳಲ್ಲಿ ಜೋಳ, ನವಣೆ, ಸಜ್ಜೆಗಳಿದ್ದ ಜಾಗವನ್ನು ಮೆಕ್ಕೆಜೋಳ ಬಹುಮಟ್ಟಿಗೆ ಆಕ್ರಮಿಸಿದೆ. ಅದು ಹೋಗುವುದು ಕೋಳಿಯ ಆಹಾರಕ್ಕೆ ಮತ್ತು ಕಾರ್ಖಾನೆಗಳಿಗೆ. ತಟ್ಟೆಗೆ ಅನ್ನ ಬಂದಿದೆ, ಬೇಕರಿ ತಿನಿಸು ಬಂದಿದೆ. ನೇಗಿಲು ಹಿಡಿದ ಕೈ ಟ್ರ್ಯಾಕ್ಟರಿನ ಸ್ಟೀರಿಂಗ್ ಹಿಡಿದಿದೆ. ಇಷ್ಟೆಂದು ಪಡಿತರದ ಅಕ್ಕಿಯನ್ನು ಹಳಿಯುವುದು ತರವಲ್ಲ. ಒಂದು ಪೌಂಡು ಧಾನ್ಯಕ್ಕಾಗಿ ಕಲ್ಲೊಡೆದವರ ಮೊಮ್ಮಕ್ಕಳು ಹೊಟ್ಟೆ ತುಂಬ ಉಣ್ಣುವುದು ಸಣ್ಣ ಸಾಧನೆಯಲ್ಲ. ಅನ್ನವನ್ನು ದೂರದೆ, ತಟ್ಟೆಯಲ್ಲಿ ರೊಟ್ಟಿ, ಕಾಳು, ಸೊಪ್ಪುಗಳಿಗೆ ಜಾಗ ಮರಳಿ ಕೊಡುವುದೇ ಜಾಣತನ.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಈ ಕಾಯಿಲೆಗೆ ಅಂಟಿದ ಅಪವಾದ. ಲಿವರ್ ಕೆಟ್ಟಿತೆಂದರೆ ಕುಡಿತವೇ ಕಾರಣವೆಂಬುದು ಊರಿನ ತೀರ್ಪು. ಒಂದು ತೊಟ್ಟೂ ಮುಟ್ಟದ ಗೃಹಿಣಿ, ಮಾಲೆ ಹಾಕಿದ ಭಕ್ತ, ವ್ರತ ಹಿಡಿದ ಮುದುಕ ಎಲ್ಲರೂ ಆ ತೀರ್ಪಿನ ಮುಂದೆ ತಲೆತಗ್ಗಿಸಬೇಕಾಗುತ್ತದೆ. ಕೆಲವರು ನಾಚಿಕೆಯಿಂದ ವರದಿಯನ್ನೇ ಬಚ್ಚಿಡುತ್ತಾರೆ. ಇದು ನಮ್ಮ ಹಳ್ಳಿಯ ಅಜ್ಞಾನವಷ್ಟೇ ಅಲ್ಲ. ಅಮೆರಿಕದ ಮೇಯೋ ಕ್ಲಿನಿಕ್ಕಿನ ಡಾ. ಲುಡ್ವಿಗ್ 1980ರಲ್ಲಿ 20 ರೋಗಿಗಳ ವಿವರ ಪ್ರಕಟಿಸಿ, ಮದ್ಯವಿಲ್ಲದೆಯೂ ಮದ್ಯಪಾನಿಗಳಂಥ ಯಕೃತ್ತಿನ ರೋಗ ಬರುತ್ತದೆಂದು ಹೆಸರಿಟ್ಟು ಹೇಳುವವರೆಗೆ ಅಲ್ಲಿಯೂ ರೋಗಿಯ ಮಾತನ್ನು ಸಂಶಯಿಸುವುದೇ ವಾಡಿಕೆಯಾಗಿತ್ತು. ‘ಮದ್ಯವಲ್ಲದ’ ಎಂಬ ಆ ಹೆಸರಿನಲ್ಲಿಯೂ ಮದ್ಯದ ನೆರಳು ಉಳಿಯಿತೆಂದು 2023ರಲ್ಲಿ ಅಂತರರಾಷ್ಟ್ರೀಯ ತಜ್ಞರು ಅದನ್ನು ಬಿಟ್ಟು, ದೇಹದ ಚಯಾಪಚಯದ ಏರುಪೇರಿನಿಂದ ಬಂದ ರೋಗವೆಂಬ ಅರ್ಥದ ಹೆಸರನ್ನು ಒಪ್ಪಿಕೊಂಡರು. ಇಂಗ್ಲಿಷಿನ ‘ಫ್ಯಾಟಿ’ ಎಂಬ ಪದವೇ ಅವಮಾನಕರವೆಂದು ಅವರಿಗೆ ತೋರಿತು. ಕನ್ನಡದಲ್ಲಿಯಂತೂ ‘ಕೊಬ್ಬು’ ಎಂದರೆ ಸೊಕ್ಕು ಎಂಬ ಅರ್ಥವೂ ಉಂಟು. ಕಾಯಿಲೆಯವನಿಗೆ ‘ಕೊಬ್ಬು ಬಂದಿದೆ’ ಎಂದು ನಗುವ ಮುನ್ನ ನಾವು ಎರಡು ಸಲ ಯೋಚಿಸಬೇಕು.

ಮದ್ದಿನ ಹುಡುಕಾಟ ನಡೆದಿದೆ. 2024ರ ಮಾರ್ಚಿನಲ್ಲಿ ಅಮೆರಿಕವು ಈ ರೋಗದ ಮುಂದುವರಿದ ಹಂತಕ್ಕೆ ಮೊದಲ ಔಷಧವನ್ನು ಅಂಗೀಕರಿಸಿತು. ಆದರೆ ಬಡವನ ಕೈಗೆಟಕುವ ಮದ್ದು ಹಳೆಯದೇ. ಸ್ಥೂಲಕಾಯರು ಮೈತೂಕದ ಶೇಕಡಾ 5ರಷ್ಟು ಇಳಿಸಿದರೆ ಯಕೃತ್ತಿನ ಕೊಬ್ಬು ಕರಗತೊಡಗುತ್ತದೆ. ಶೇಕಡಾ 7ರಿಂದ 10ರಷ್ಟು ಇಳಿಸಿದರೆ ಉರಿಯೂತವೂ ತಗ್ಗುತ್ತದೆ. ತೂಕ ಸರಿಯಾಗಿರುವವರು ಸೊಂಟದ ಅಳತೆಯನ್ನು ಗಮನಿಸಬೇಕು: ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80. ಭಾರತ ಸರ್ಕಾರ 2021ರಲ್ಲಿ ಈ ಕಾಯಿಲೆಯನ್ನು ಮಧುಮೇಹ, ಕ್ಯಾನ್ಸರ್, ಹೃದ್ರೋಗಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿದೆ. ಆಶಾ ಕಾರ್ಯಕರ್ತೆ ಮನೆಗೆ ಬಂದು ಸೊಂಟಕ್ಕೆ ಟೇಪು ಹಿಡಿದರೆ ಸಂಕೋಚಪಟ್ಟು ಕಳಿಸಿಬಿಡಬೇಡಿ. ಮಿಷನ್ ಆಸ್ಪತ್ರೆಯ ದಾದಿಯರ ತಕ್ಕಡಿಗೂ ಆಕೆಯ ಟೇಪಿಗೂ ನೇರ ಸಂಬಂಧವಿದೆ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂದು ನಮ್ಮ ಹಿರಿಯರು ಹೇಳಿದರು. ಆ ಗಾದೆ ಹುಟ್ಟಿದ ಕಾಲದಲ್ಲಿ ಊಟವನ್ನು ಬಲ್ಲವರಿಗಿಂತ ಊಟಕ್ಕೆ ಕಾದವರೇ ಹೆಚ್ಚಾಗಿದ್ದರು. ಇಂದು ಊಟವಿದೆ, ಬಲ್ಲೆವೆಂಬ ಭಾಗ ಉಳಿದಿದೆ. ನೆಲದ ಹಗೇವುಗಳು ನಮ್ಮ ಊರುಗಳಿಂದ ಬಹುತೇಕ ಕಣ್ಮರೆಯಾದವು. ಒಡಲ ಹಗೇವನ್ನು ಯಾರೂ ಮುಚ್ಚಲಾರರು. ಅದರ ಲೆಕ್ಕವನ್ನು ಓದಲು ಕಲಿಯುವುದಷ್ಟೇ ನಮ್ಮ ಕೈಯಲ್ಲಿದೆ.